ನ್ಯೂ ಆರ್ಲಿಯನ್ಸ್, ಕರೋಶಿಯ ದಾರಿಯಲ್ಲಿ

ಬ್ಯಾಂಡ್ ಮಾಸ್ತರರು ಆ ಮಾತನ್ನು ನಿಜವಾಗಿ ಆಡಿದ್ದರೋ, ಆಮೇಲೆ ನಾವೇ ಅದನ್ನು ಅವರ ಹೆಸರಿಗೆ ಹಚ್ಚಿದೆವೋ, ನನಗೆ ಇಂದಿಗೂ ಖಾತ್ರಿಯಿಲ್ಲ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ, ಕಣ್ಣಾರೆ ಕಂಡವನ ಸಾಕ್ಷಿಯನ್ನೂ ಪೂರ್ತಿ ನಂಬಬಾರದು ಎಂದು ಕಲಿತಿದ್ದೆ. ಆ ಪಾಠ ಒಂದು ದಿನ ನನಗೇ ಅನ್ವಯಿಸುತ್ತದೆ ಎಂದು ಮಾತ್ರ ಅಂದುಕೊಂಡಿರಲಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಚಿಕ್ಕೋಡಿಯ ಕಾಲೇಜೊಂದರಲ್ಲಿ ನನಗೆ ತಾತ್ಕಾಲಿಕ ಕೆಲಸ. ಬರುವ ಜೂನ್‌ನಲ್ಲಿ ಈ ಊರಿನಲ್ಲಿ ಇರುತ್ತೇನೋ ಇಲ್ಲವೋ ಎಂಬ ಲೆಕ್ಕದಲ್ಲಿ ಕೋಣೆಗೆ ಒಂದು ಕುರ್ಚಿಯನ್ನೂ ಕೊಂಡಿರಲಿಲ್ಲ. ರವಿವಾರ ಬಂದರೆ ಬಸ್ ಹತ್ತಿ ನಿಪ್ಪಾಣಿಗೋ ರಾಯಬಾಗಕ್ಕೋ ಹೋಗುವುದು, ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವುದು, ಅದೇ ಬಸ್ಸಿಗೆ ತಿರುಗಿ ಬರುವುದು. ಆ ಊರುಗಳಲ್ಲಿ ನನಗೆ ಯಾರ ಗುರುತೂ ಇರಲಿಲ್ಲ. ಚಿಕ್ಕೋಡಿಯಲ್ಲೂ ಅಷ್ಟೇ, ನನ್ನ ಕೋಣೆಯ ಕೆಳಗಿದ್ದ ಬ್ಯಾಂಡಿನವರನ್ನು ಬಿಟ್ಟರೆ.

ಅವರದು ಮದುವೆಗೆ, ಸತ್ತವರ ಮಣ್ಣಿಗೆ ಬಾರಿಸುವ ಬ್ಯಾಂಡ್. ಅಂಗಡಿಯ ಗೋಡೆಗೆ ಹಿತ್ತಾಳೆಯ ಕಹಳೆಗಳು, ಕೆಂಪು ಕೋಟುಗಳು. ಮೂಲೆಯಲ್ಲಿ ಹಗ್ಗ ಬಿಗಿದ ದೊಡ್ಡ ಡೋಲು. ಯಜಮಾನರು ಕರೋಶಿಯ ಹಿರಿಯರು, ಎಲ್ಲರಿಗೂ ಮಾಸ್ತರ. ಅವರ ಕೈಯಲ್ಲೇ ಊದಲು ಕಲಿತ ಕುಡಚಿಯ ಮುಸ್ಲಿಂ ಗೆಳೆಯನೊಬ್ಬ ಕ್ಲಾರ್ನೆಟ್ ಬಾರಿಸುತ್ತಿದ್ದ. ನನ್ನದೇ ವಯಸ್ಸಿನವನು. ಸಂಜೆ ನಾನು ಶಾರ್ಟ್‌ವೇವ್ ರೇಡಿಯೊದಲ್ಲಿ ಕೇಳಿದ್ದನ್ನು ಕೆಳಗಿಳಿದು ಇವರಿಗೆ ಹೇಳುತ್ತಿದ್ದೆ. ಅವರಿಗೆ ಬೇಕಿತ್ತೋ ಇಲ್ಲವೋ ಗೊತ್ತಿಲ್ಲ. ಹೇಳಲು ನನಗೆ ಬೇರೆ ಯಾರೂ ಇರಲಿಲ್ಲ.

ಹಾಗೊಂದು ಸಂಜೆ ನ್ಯೂ ಆರ್ಲಿಯನ್ಸಿನ ಕಥೆ ಹೇಳಿದೆ. ಸಮುದ್ರ ಸೇರುವ ಮೊದಲು ದೊಡ್ಡ ನದಿಯೊಂದು ಬಳುಕಿ ಹರಿಯುವ ಕಡೆ ಇರುವ ಊರು. ಫ್ರೆಂಚರು ಕಟ್ಟಿದ್ದು, ನಡುವೆ ಸ್ಪೇನಿನವರ ಕೈಗೆ ಹೋಗಿ, ಕೊನೆಗೆ ಅಮೆರಿಕದವರು ಕೊಂಡದ್ದು. ಆಫ್ರಿಕಾದಿಂದ ತಂದ ಗುಲಾಮರು ಅಲ್ಲಿ ರವಿವಾರ ಒಂದು ಬಯಲಿನಲ್ಲಿ ಸೇರಿ ಡೋಲು ಬಾರಿಸಿ ಕುಣಿಯುತ್ತಿದ್ದರಂತೆ.

"ಗುಲಾಮರ ಕೈಯಾಗ ಡೋಲು ಬಿಟ್ರೇನ್ರಿ?" ಎಂದರು ಮಾಸ್ತರ. "ಧಣೇರು ಅಷ್ಟ ಶಾಣ್ಯಾ ಇದ್ದಿಲ್ಲ ಬಿಡ್ರಿ."

ಗುಲಾಮಗಿರಿ ಹೋದ ಮೇಲೆ ಅವರ ಮಕ್ಕಳು ಮೊಮ್ಮಕ್ಕಳು ಸೈನ್ಯದ ಪಲ್ಟನ್ನಿನ ಹಿತ್ತಾಳೆ ವಾದ್ಯಗಳನ್ನು ಹಿಡಿದು, ಅವುಗಳ ನಡಿಗೆಗೆ ತಮ್ಮ ತಾಳ ಬೆರೆಸಿದರು. ಜಾಝ್ ಹುಟ್ಟಿದ್ದು ಹಾಗೆ ಎಂದೆ. ಮಾಸ್ತರ ಗೋಡೆಯ ಮೇಲಿನ ಹಳೆಯ ಕಹಳೆಯ ಕಡೆ ನೋಡಿದರು. ಅದು ಗಡಿಯಾಚೆಯ ಒಂದು ಸಂಸ್ಥಾನದ ಬ್ಯಾಂಡಿನದು. ಸಂಸ್ಥಾನ ವಿಲೀನವಾದಾಗ ಮಾರಾಟಕ್ಕೆ ಬಂದದ್ದನ್ನು ಅವರ ತಂದೆ ತಂದಿದ್ದರು.

ಆಮೇಲೆ ಆ ಊರಿನ ಹೆಣದ ಮೆರವಣಿಗೆಯ ವಿಷಯ ಹೇಳಿದೆ. ಬಡವರು ಸಂಘ ಕಟ್ಟಿಕೊಳ್ಳುತ್ತಾರೆ. ಸಂಘದವನೊಬ್ಬ ಸತ್ತರೆ ಬ್ಯಾಂಡ್ ಬರುತ್ತದೆ. ಮಣ್ಣಿಗೆ ಹೋಗುವಾಗ ನಿಧಾನವಾದ ದೇವರ ಪದ. ಮಣ್ಣು ಕೊಟ್ಟು ತಿರುಗಿ ಬರುವಾಗ ಕುಣಿಯುವ ಪದ.

ಕ್ಲಾರ್ನೆಟ್ ಒರೆಸುತ್ತಿದ್ದ ಗೆಳೆಯನ ಕೈ ನಿಂತಿತು. "ಬರೋವಾಗ ಊದತಾರ?"

ಅವನು ಬೆರಗಾದದ್ದು ಸಹಜ. ಇವರ ಪದ್ಧತಿಯಲ್ಲಿ ವಾದ್ಯ ಮಸಣದ ಬಾಗಿಲವರೆಗೆ ಮಾತ್ರ. ಅಲ್ಲಿಗೆ ಮುಟ್ಟಿದ ಕೂಡಲೇ ಡೋಲಿನವನು ಹಗ್ಗ ಸಡಿಲಿಸುತ್ತಾನೆ, ಕಹಳೆಯವರು ಕಹಳೆಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ ಬಾಯಿ ಕಟ್ಟುತ್ತಾರೆ. ಬರುವಾಗ ಒಂದು ಸ್ವರವೂ ಕೇಳಬಾರದು.

"ನಮ್ಮ ಮಂದಿ ಮುಂದ ಹಂಗ ಬಾರಿಸಿದ್ರ ಕಾಲಾಗಿನ ಕೆರ ಕೈಗಿ ಬರ್ತಾವು," ಎಂದರು ಮಾಸ್ತರ. ನಾವೆಲ್ಲ ನಕ್ಕೆವು. ಮುಂದಿನದೇ ನನಗೆ ಅನುಮಾನದ ಮಾತು. "ನನಗ ಬಾರಸ್ರಲೇ ಹಂಗ. ಕೆರ ಬಿದ್ರ ನಾ ಏನ್ ನೋಡಾಕ ಬರ್ತೀನಿ?" ಎಂದು ಅವರು ಅಂದದ್ದು ನನ್ನ ಕಿವಿಯಲ್ಲಿದೆ. ಆದರೆ ಆ ಮಾತನ್ನು ಗೆಳೆಯ ನನಗೆ ಎಷ್ಟೋ ಸಲ ಮಾಸ್ತರರ ಧ್ವನಿಯಲ್ಲೇ ಅಣಕಿಸಿ ಹೇಳಿದ್ದಾನೆ. ನನ್ನ ಕಿವಿಯಲ್ಲಿರುವುದು ಯಾರ ಧ್ವನಿ?

ಮುಂದಿನ ಚಳಿಗಾಲಕ್ಕೆ ಮಾಸ್ತರರಿಗೆ ಎದೆನೋವು ಶುರುವಾಯಿತು. ಕರೋಶಿಗೆ ಹೋಗಿ ಮಲಗಿದವರು ಏಳಲಿಲ್ಲ. ಒಂದು ಮುಂಜಾನೆ ಗೆಳೆಯ ನನ್ನ ಮೆಟ್ಟಿಲ ಮೇಲೆ ಕೂತಿದ್ದ.

"ಸರ, ಮಾಸ್ತರ ಹೋದ್ರು. ನೀವು ಬರಬೇಕು. ಅವ್ರು ಅಂದಿದ್ದು ನೀವ ಕೇಳೀರಿ."

"ಚ್ಯಾಷ್ಟಿಗಿ ಅಂದಿರಬೇಕಪಾ," ಎಂದೆ.

"ಅಂದಾರಲ್ಲ? ನಮ್ಮಾಗ ಮಣ್ಣಿಗಿ ಬಾಜಾ ಇಲ್ರಿ. ನಾ ಹೋದ್ರ ಯಾರೂ ಊದೂದಿಲ್ಲ, ನನಗ ಬೇಕಾಗೂನೂ ಇಲ್ಲ. ಆದ್ರ ಅವರು ಬಾಯಿಬಿಟ್ಟು ಕೇಳ್ಯಾರ. ಈ ಕ್ಲಾರ್ನೆಟ್ ಅವರ ಕೊಟ್ಟದ್ದು. ಇವತ್ತ ಊದಲಿಲ್ಲಂದ್ರ ನಾಳೆ ಯಾವ ಬಾಯಿಲೆ ಊದ್ಲಿ?"

ಕರೋಶಿಯಲ್ಲಿ ಮಸಣ ಊರ ಹೊರಗೆ, ಕಾಲುವೆಯ ಆಚೆ, ಕಬ್ಬಿನ ಹೊಲಗಳ ನಡುವೆ. ಬ್ಯಾಂಡ್ ಭಜನೆಯ ಪದ ಬಾರಿಸುತ್ತ ಬಾಗಿಲಿಗೆ ಬಂದು ನಿಂತಿತು. ಎಲ್ಲರೂ ಮಣ್ಣು ಹಾಕಿ ಕೈ ಝಾಡಿಸಿಕೊಂಡ ಮೇಲೆ ಗೆಳೆಯ ಮಾಸ್ತರರ ಅಣ್ಣನ ಹತ್ತಿರ ಹೋದ. ದೊಡ್ಡ ರುಮಾಲಿನ ಒಕ್ಕಲುತನದ ಮನುಷ್ಯ, ತಮ್ಮನಿಗಿಂತ ಗಟ್ಟಿ ಧ್ವನಿ.

"ಏನಂದಿ? ಬರೋವಾಗ ಬಾಜಾ? ನನ್ನ ತಮ್ಮನ್ನ ಮಣ್ಣಾಗ ಇಟ್ಟು ಮದುವಿ ವರಾತ ತಗೀತಿಯೇನ್ಲೇ?"

"ಮಾಸ್ತರ ಹೇಳಿದ್ರು ಕಾಕಾ. ಸರ ಸಾಕ್ಷಿ ಅದಾರ."

ಎಲ್ಲರ ಮುಖ ನನ್ನ ಕಡೆ ತಿರುಗಿತು.

"ಹೇಳ್ರಿ ಸರ. ಕಲತಾವ್ರು ಅದೀರಿ. ಅಂದಾನೋ ಇಲ್ಲೋ?"

"ಅಂದಂಗ ನೆನಪೈತ್ರಿ," ಎಂದೆ. "ಆದ್ರ ನಕ್ಕೋತ ಅಂದ್ರು."

ಕೆಲಸ ಕೆಟ್ಟಿತು ಎಂದು ಗೆಳೆಯ ಕಣ್ಣು ಮುಚ್ಚಿಕೊಂಡ. ಅಣ್ಣ ಮಾತ್ರ ನನ್ನ ಕಡೆ ಒಂದು ಹೆಜ್ಜೆ ಮುಂದೆ ಬಂದರು.

"ನಕ್ಕಿದ್ನ?"

"ಹೌದ್ರಿ."

"ಹೆಂಡ್ತಿ ಹೋದಂದಿಂದ ಮನ್ಯಾಗ ಅವ ನಕ್ಕಿದ್ದ ನಾ ನೋಡಿಲ್ಲ." ರುಮಾಲಿನ ಸೆರಗಿನಿಂದ ಮೂಗು ಒರೆಸಿಕೊಂಡರು. "ಊದಪಾ. ಕಾಲುವಿತನಕ. ಊರಾಗ ಬ್ಯಾಡ."

ಗೆಳೆಯ ಬ್ಯಾಂಡಿನವರ ಕಡೆ ಓಡಿದ. ಡೋಲಿನವನು ತಲೆ ತಗ್ಗಿಸಿ ನಿಂತಿದ್ದ. "ಹಗ್ಗಾ ಬಿಟ್ಟೀನಿ ಭಾಯಿ. ತೊಗಲು ಬಿಗೀಬೇಕಂದ್ರ ಬೆಂಕಿ ಹಚ್ಚಬೇಕು. ಇಲ್ಲೆಲ್ಲಿ ಹಚ್ಚೂನು?" ಬಾಗಿಲಿಗೆ ಬಂದಾಗಲೇ ಅವನ ಕೈ ರೂಢಿಯ ಕೆಲಸ ಮಾಡಿ ಮುಗಿಸಿತ್ತು. ಕಹಳೆಗಳೂ ಚೀಲ ಸೇರಿದ್ದವು. ಕಹಳೆಯವರು ಮಾಸ್ತರರ ನೆಂಟರ ಮುಖ ನೋಡಿದರು, ಚೀಲದ ಗಂಟು ಬಿಚ್ಚಲಿಲ್ಲ.

ಗೆಳೆಯನೊಬ್ಬನೇ ಊದಿದ. ಮದುಮಗನ ಕುದುರೆಯ ಮುಂದೆ ಬಾರಿಸುವ ಪದ. ಚಿಕ್ಕೋಡಿಯ ಬೀದಿಯಲ್ಲಿ ನಾನು ಎಷ್ಟೋ ಸಲ ಕೇಳಿದ್ದು. ಡೋಲಿಲ್ಲದೆ ಅದಕ್ಕೆ ಹೆಜ್ಜೆಯೇ ಸಿಗಲಿಲ್ಲ. ಉಸಿರು ತೆಗೆದುಕೊಳ್ಳಲು ಅವನು ನಿಲ್ಲಿಸಿದಾಗಲೆಲ್ಲ ಕಬ್ಬಿನ ರವದಿಯ, ಒಣ ಗರಿಗಳ ಸದ್ದು ಕೇಳುತ್ತಿತ್ತು. ಯಾರೂ ಬೈಯಲಿಲ್ಲ, ಯಾರೂ ಕೆರ ಎತ್ತಲಿಲ್ಲ. ಜನ ಬರೀ ಬೇಗ ಬೇಗ ನಡೆದರು. ಅವನಿಗೂ ಅವರಿಗೂ ನಡುವೆ ದಾರಿ ಖಾಲಿಯಾಗುತ್ತ ಹೋಯಿತು.

ನಾನು ಅವನ ಹಿಂದೆ ನಡೆದೆ ಎಂದೇ ನನ್ನ ನೆನಪು. ಅವನ ಕೆಂಪು ಕೋಟಿನ ಬೆನ್ನ ಮೇಲೆ ಬೆವರು ಹರಡಿದ್ದು ಕಾಣುತ್ತದೆ. ಆದರೆ ಅವನ ಉಬ್ಬಿದ ಕೆನ್ನೆ, ಮುಚ್ಚಿದ ಕಣ್ಣು, ಬಿಸಿಲಿಗೆ ಹೊಳೆಯುತ್ತ ನನ್ನ ಕಡೆಗೇ ಬರುತ್ತಿದ್ದ ಕ್ಲಾರ್ನೆಟ್ಟಿನ ತುದಿ, ಅವೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತವೆ. ಹಿಂದೆ ನಡೆದವನಿಗೆ ಮುಖ ಕಾಣುವುದಿಲ್ಲ. ನಾನೂ ಮುಂದೆ ಹೋದವರ ಜೊತೆ ಹೋಗಿ ತಿರುಗಿ ನೋಡಿರಬೇಕು.

ಕಾಲುವೆಯ ಹತ್ತಿರ ಅವನು ಊದುವುದನ್ನು ನಿಲ್ಲಿಸಿದ. ತುಟಿ ಒರೆಸಿಕೊಂಡು, ಕ್ಲಾರ್ನೆಟ್ ಬಿಡಿಸಿ, ಚೀಲಕ್ಕೆ ಹಾಕಿದ. "ಆತ್ರಿ ಸರ," ಎಂದ. ಚಿಕ್ಕೋಡಿಯ ಬಸ್ಸಿಗೆ ಇಬ್ಬರೂ ಒಟ್ಟಿಗೇ ಹತ್ತಿದೆವು.

ಅಂಗಡಿ ಬಹಳ ದಿನ ನಡೆಯಲಿಲ್ಲ. ಗೆಳೆಯ ಮಿರಜದ ಕಡೆಯ ಬ್ಯಾಂಡಿಗೆ ಸೇರಿದ. ಕೆಳಗೆ ಸಿಮೆಂಟಿನ ಗೋದಾಮು ಬಂತು. ಸಂಜೆ ರೇಡಿಯೊ ಕೇಳಿ ಮುಗಿದ ಮೇಲೆ ನಾನು ಮೆಟ್ಟಿಲವರೆಗೆ ಹೋಗಿ ತಿರುಗಿ ಬರುತ್ತಿದ್ದೆ. ಜೂನ್‌ನಲ್ಲಿ ನನ್ನ ಕೆಲಸವೂ ಮುಗಿಯಿತು.

ತೊಂಬತ್ತರ ದಶಕದ ನಡುವೆ ಧಾರವಾಡದ ಗ್ರಂಥಾಲಯವೊಂದರಲ್ಲಿ ಅಮೆರಿಕದ ಸಂಗೀತದ ಮೇಲಿನ ದಪ್ಪ ಪುಸ್ತಕ ಸಿಕ್ಕಿತು. ಮಾಸ್ತರರ ಮಾತನ್ನು ತಾಳೆ ನೋಡಲು ಯಾವ ಪುಸ್ತಕವೂ ಇಲ್ಲ. ನ್ಯೂ ಆರ್ಲಿಯನ್ಸನ್ನಾದರೂ ನೋಡೋಣ ಎಂದು ನಿಂತಲ್ಲೇ ಪುಟ ತಿರುವಿದೆ. ತಿರುಗಿ ಬರುವಾಗ ಬಾರಿಸುವುದು ನಿಜವೇ ಆಗಿತ್ತು. ರೇಡಿಯೊದಲ್ಲಿ ನಾನು ಕೇಳದೇ ಇದ್ದ ಒಂದು ಸಂಗತಿಯೂ ಅಲ್ಲಿತ್ತು. ಅದನ್ನು ಇನ್ನೊಂದು ಪುಸ್ತಕದಲ್ಲಿಯೂ ನೋಡಿ ಖಾತ್ರಿ ಮಾಡಿಕೊಂಡೆ: ಆ ಊರಿನಲ್ಲಿ ಕುಣಿಯುವ ಪದ ಶುರುವಾದ ಮೇಲೆ ಬೀದಿಯ ಜನ, ಸತ್ತವನ ಮುಖ ನೋಡದವರೂ ಕೂಡ, ಮನೆಯಿಂದ ಹೊರಗೆ ಬಂದು ಬ್ಯಾಂಡಿನ ಹಿಂದೆ ಸೇರಿಕೊಂಡು ಕುಣಿಯುತ್ತಾರೆ.