ಮೈಕತ್ತೆಯ ಎರಡು ಸಂಬಳ

ನಮ್ಮ ಸೋದರತ್ತೆಯನ್ನು ಮನೆಯಲ್ಲಿ ಕರೆಯುವುದೇ ಮೈಕತ್ತೆ ಎಂದು. ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಬಸ್ ನಿಲ್ದಾಣದ ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಮೈಕಿನ ಮುಂದೆ ಅವಳ ಮಾತು ನೀರು ಕುಡಿದಷ್ಟು ಸಲೀಸು. ಮೈಕು ತೆಗೆದು ಎದುರಿಗೊಬ್ಬ ಮನುಷ್ಯನನ್ನು ಕೂರಿಸಿ, ಬಾಯಿಗೆ ಬೀಗ. ಯಾವ ಹಲ್ಲು ನೋಯುತ್ತಿದೆ ಎಂದು ವೈದ್ಯರಿಗೆ ಹೇಳಲಾಗದೆ ಪಕ್ಕದ ಹಲ್ಲು ಕೀಳಿಸಿಕೊಂಡು ಬಂದ ಮಹಾತಾಯಿ ಅವಳು.

ಅಂಥವಳಿಗೆ ದೊಡ್ಡ ಮಳಿಗೆಯೊಂದರಲ್ಲಿ ಕೆಲಸ ಸಿಕ್ಕಿತು. ಗಾಜಿನ ಕೋಣೆ, ತಿರುಗುವ ಕುರ್ಚಿ, ಹೊಗೆಯಿಲ್ಲ, ಧೂಳಿಲ್ಲ. ತಪ್ಪಿಸಿಕೊಂಡ ಮಕ್ಕಳ ಅಮ್ಮಂದಿರನ್ನು ಕೂಗಬೇಕು, ರಿಯಾಯಿತಿ ಎಲ್ಲಿದೆ ಹೇಳಬೇಕು, ಅಷ್ಟೆ. ಮೊದಲ ಕೆಲವು ತಿಂಗಳು ನೋಡಿ, ಒಪ್ಪಿಗೆಯಾದರೆ ಖಾಯಂ. ನಿಲ್ದಾಣದಲ್ಲಿ ವರ್ಷಗಟ್ಟಲೆ ಗಂಟಲು ಹರಿದುಕೊಂಡರೂ ಯಾರೂ ಅವಳಿಗೆ ಆ ಮಾತು ಹೇಳಿರಲಿಲ್ಲ. ಅದಕ್ಕೇ ಅವಳ ಜೀವವೆಲ್ಲ ಆ ಖಾಯಂ ಮೇಲೆ.

ನಿಲ್ದಾಣ ಬಿಡುವಾಗ ಅಲ್ಲಿನ ಮೇಲ್ವಿಚಾರಕರು, "ನಿಮ್ಮ ರಜೆ ಎರಡು ತಿಂಗಳಿಗಾಗುವಷ್ಟು ಬಾಕಿ ಇದೆ. ಸಂಬಳ ಬರ್ತಾ ಇರುತ್ತೆ. ಈಗಲೇ ಬೇರೆ ಕಡೆ ಸೇರ್ಕೊಂಡ್ರೂ ನಮ್ಮ ತಕರಾರಿಲ್ಲ" ಎಂದರು.

ಹೀಗೆ ಎರಡೂ ಕಡೆಯಿಂದ ಸಂಬಳ ಬಂತು. ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಮಗೆಲ್ಲ ಐಸ್‌ಕ್ರೀಮು, ಅಮ್ಮನಿಗೆ ಮಿಕ್ಸರು, ತನಗೊಂದು ಕೆಂಪು ಸೂಟ್‌ಕೇಸು. ಹೋಗುವ ಊರನ್ನು ಆಮೇಲೆ ಯೋಚಿಸುತ್ತಾಳಂತೆ!

ಅಷ್ಟರಲ್ಲಿ ಮಳಿಗೆಯ ಲೆಕ್ಕಿಗರು, "ವರ್ಷದ ಮಧ್ಯೆ ಸೇರಿದ್ದೀರಲ್ಲ, ತೆರಿಗೆ ಲೆಕ್ಕಕ್ಕೆ ಬೇಕು, ಹಿಂದಿನ ಕಡೆ ಸಂಬಳ ಯಾವ ತಿಂಗಳವರೆಗೆ ಬಂತು?" ಎಂದು ಕೇಳಿದರು. ಅತ್ತೆಗೆ ಹೊಳೆದದ್ದು ಒಂದೇ: ಏಕಕಾಲಕ್ಕೆ ಎರಡು ಕಡೆ ಹೆಸರಿತ್ತೆಂದು ಗೊತ್ತಾದರೆ ಕುರ್ಚಿಯೇ ಹೋದೀತು! "ಹಿಂದೆ ಕೆಲಸಾನೇ ಇರಲಿಲ್ಲ" ಎಂದುಬಿಟ್ಟಳು.

"ಎರಡೂ ಕಡೆ ತೆರಿಗೆ ಹಿಡಿದಿದ್ದಾರೆ ಬಿಡೇ" ಎಂದು ನನ್ನ ಮುಂದೆ ಬಡಾಯಿ ಕೊಚ್ಚಿದಳು.

"ಅಯ್ಯೋ ಅತ್ತೆ, ಇಬ್ರೂ ನಿನಗೆ ತಾವು ಕೊಡೋದೊಂದೇ ಸಂಬಳ ಅಂದ್ಕೊಂಡು ಕಮ್ಮಿ ಹಿಡಿದಿದ್ದಾರೆ. ವಿನಾಯಿತಿ ವರ್ಷಕ್ಕೆ ಒಂದೇ ಸಲ. ಎರಡನ್ನೂ ಕೂಡಿಸಿದ್ರೆ ಬಾಕಿ ಬೀಳುತ್ತೆ!"

ಅವಳು ಮುಸುಕೆಳೆದು ಮಲಗಿದಳು. ಮರುದಿನ ಲಿಫ್ಟಿನಲ್ಲಿ ಲೆಕ್ಕಿಗರು, "ನಿಮ್ಮ ದನಿ ಕೇಳಿಯೇ ನಾನು ಕಾಲೇಜಿಗೆ ಬಸ್ ಹತ್ತುತ್ತಿದ್ದೆ" ಎಂದು ನಕ್ಕರಂತೆ. ಊರಿಗೆಲ್ಲ ಗೊತ್ತಿರುವ ದನಿಯಲ್ಲೇ ಸುಳ್ಳು ಹೇಳಿದ ಜಾಣೆ!

ಅವತ್ತು ನಾನೂ ಮಳಿಗೆಯಲ್ಲಿ ಚಪ್ಪಲಿ ಆರಿಸುತ್ತಿದ್ದೆ. ಅತ್ತೆ ವ್ಯವಸ್ಥಾಪಕಿಯ ಬಾಗಿಲವರೆಗೆ ಹೋಗುವುದು, ಹಾಗೇ ವಾಪಸಾಗುವುದು ಕೆಳಗಿನಿಂದಲೇ ಕಾಣುತ್ತಿತ್ತು. ಕೊನೆಗೆ ಗಾಜಿನ ಕೋಣೆ ಹೊಕ್ಕಳು. ಟಿಂಗ್ ಟಾಂಗ್.

"ಲೆಕ್ಕಪತ್ರ ವಿಭಾಗದವರು ದಯವಿಟ್ಟು ಗಮನಿಸಿ. ಈ ಪ್ರಕಟಣೆ ನೀಡುತ್ತಿರುವ ಮಹಿಳೆಯು ಇಲ್ಲಿ ಸೇರಿದ ನಂತರವೂ ಎರಡು ತಿಂಗಳು ಬಸ್ ನಿಲ್ದಾಣದ ರಜೆ ಸಂಬಳ ಪಡೆದಿರುತ್ತಾರೆ. ಸುಳ್ಳು ಹೇಳಿದ್ದಕ್ಕೆ ವಿಷಾದಿಸುತ್ತಾರೆ. ಎರಡೂ ಸಂಬಳ ಕೂಡಿಸಿ ತೆರಿಗೆ ಹಿಡಿಯತಕ್ಕದ್ದು. ಕೆಲಸದಿಂದ ತೆಗೆಯಬಾರದಾಗಿ ವಿನಂತಿ. ಧನ್ಯವಾದಗಳು."

ಇಡೀ ಮಳಿಗೆ ಕತ್ತೆತ್ತಿ ನೋಡಿತು. ನಾನು ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಮೇಲಕ್ಕೆ ಓಡಿದೆ. ಅಷ್ಟರಲ್ಲಿ ವ್ಯವಸ್ಥಾಪಕಿ ಬಂದಾಗಿತ್ತು, ಹಿಂದೆ ಲೆಕ್ಕಿಗರು.

"ಹಳೇ ಕೆಲಸದವರ ಒಪ್ಪಿಗೆ ಇತ್ತಾ?" ಎಂದರು ವ್ಯವಸ್ಥಾಪಕಿ.

ಅತ್ತೆ ಹೌದೆಂದು ತಲೆಯಾಡಿಸಿದಳು.

"ಮತ್ತೆ ಭಯ ಯಾಕೆ? ರಜೆ ನಿಮ್ಮದು, ಸಂಬಳ ನಿಮ್ಮದು. ಸುಳ್ಳು ಹೇಳಿದ್ದಕ್ಕೆ ಬಯ್ಯೋಣ ಅಂತ ಬಂದೆ, ನಗು ತಡೆಯೋಕಾಗ್ತಿಲ್ಲ!"

"ಬಾಕಿ ತೆರಿಗೆ ಮುಂದಿನ ಸಂಬಳಗಳಲ್ಲಿ ಹಿಡೀತೀನಿ" ಎಂದರು ಲೆಕ್ಕಿಗರು. "ಸ್ವಲ್ಪ ಕೈ ಬಿಗಿಯಾಗುತ್ತೆ."

ತೆರಿಗೆ ಯಾರಿಗೆ ಬೇಕಿತ್ತು! ಅತ್ತೆ ಬಾಯಿ ತೆರೆದಳು, ಮುಚ್ಚಿದಳು. ಕೊನೆಗೆ ಅವಳು ಮೈಕಿನ ಗುಂಡಿ ಒತ್ತಿ, "ಹಾಗಾದರೆ ನನ್ನ ಕೆಲಸ?" ಎಂದು ಇಡೀ ಮಳಿಗೆಗೆ ಕೇಳುವಂತೆ ಕೇಳಿದಳು.

ವ್ಯವಸ್ಥಾಪಕಿ ಮೈಕಿನತ್ತ ಬಗ್ಗಿ, "ಖಾಯಂ" ಎಂದರು.

ಅತ್ತೆ ಗುಂಡಿ ಆರಿಸಲು ಮರೆತಳು. ಅವಳು ಅತ್ತದ್ದು, ನಕ್ಕದ್ದು, ಮೂಗು ಸೀನಿದ್ದು, ಎಲ್ಲವೂ ಎಲ್ಲ ಮಹಡಿಗಳಿಗೂ ಕೇಳಿಸಿತು.