ಎರಡು ಇಂಜಿನ್ನಿಗೂ ಒಂದೇ ನಂಬರ್

ಗೆಳೆಯರೇ, ಐವತ್ತು ದಾಟಿದ ಅಣ್ಣತಮ್ಮಂದಿರು ನಾವು ಇವತ್ತು ನಂಜನಗೂಡಿನ ಮನೆಯಲ್ಲಿ ಪುಟಾಣಿ ಆಟದ ರೈಲಿಗಾಗಿ ಕಿತ್ತಾಡಿದೆವು. ಹೊಸ ಡಿಜಿಟಲ್ ರಿಮೋಟಿನಲ್ಲಿ ನನ್ನ ಇಂಜಿನ್ ಓಡಿಸಿದರೆ, ನನ್ನ ತಮ್ಮ ಬನ್ನೂರಿನಿಂದ ತಂದು ಅದೇ ಹಳಿಯ ಮೇಲಿಟ್ಟಿದ್ದ ಇಂಜಿನ್ನೂ ಹೊರಟಿತು.

"ನನ್ ಗಾಡಿ ಯಾಕಣ್ಣ ಓಡುಸ್ತಿಯಾ?" ಎಂದ.

"ನಾನೆಲ್ಲಿ ಮುಟ್ದೆ ಕಣ್ಲಾ?"

ಚಿಕ್ಕಂದಿನಲ್ಲೂ ಹೀಗೆಯೇ. ಕಬಿನಿ ಸೇತುವೆಯ ಮೇಲೆ ರೈಲನ್ನು ಮೊದಲು ಕಂಡವನದೇ ಆ ರೈಲು. ದಿನವೂ ಗುದ್ದಾಟ.

ಕೊನೆಗೆ ರಿಮೋಟಿನ ಜೊತೆಗೆ ಬಂದಿದ್ದ ಪುಸ್ತಕ ಓದಿದೆವು. ಹೊಸ ಇಂಜಿನ್ನುಗಳೆಲ್ಲ ಕಾರ್ಖಾನೆಯಿಂದ ಒಂದೇ ನಂಬರಿನಲ್ಲಿ ಬರುತ್ತವಂತೆ, ಆ ನಂಬರ್ ಒತ್ತಿದರೆ ಎಲ್ಲವೂ ಓಗೊಡುತ್ತವಂತೆ. ಒಂದರದ್ದು ಬದಲಿಸಬೇಕು.

"ನಿಂದು ಬದ್ಲಾಯ್ಸಣ್ಣ."

"ನಿಂದೇ ಬದ್ಲಾಯ್ಸು, ಓಗ್ಲಾ!"

ಅಷ್ಟರಲ್ಲಿ ಅಡುಗೆಮನೆಯಿಂದ ಅವ್ವ, "ಮಗಾ, ಬಾರ್ಲಾ ಇಲ್ಲಿ" ಎಂದು ಕೂಗಿದಳು.

ಇಬ್ಬರೂ ಒಟ್ಟಿಗೆ ಎದ್ದೆವು. ನಮ್ಮ ನಂಬರನ್ನು ಅವ್ವ ಇನ್ನೂ ಬದಲಿಸಿಲ್ಲ.