ಬೀಸುಕಲ್ಲಿನ ಒಂದು ಸುತ್ತು

ನಮ್ಮವ್ವ ಬೀಸುವಾಗ ಯುದ್ಧದ ಒಂದು ಪದ ಹಾಡುತ್ತಿದ್ದಳು. ಅದರಲ್ಲಿ ದಂಡಿಗೆ ಹೋದ ತಮ್ಮ ತಿರುಗಿ ಬಂದಿಲ್ಲ. ಗೆದ್ದು ಬಂದ ದೊರೆಯನ್ನು ಅಕ್ಕ ತಡೆದು ನಿಲ್ಲಿಸಿ, 'ನೀ ಗೆದ್ದ ನೆಲದಾಗ ನನ್ನ ತಮ್ಮ ಎಲ್ಲಿ ಮಲಗ್ಯಾನ?' ಎಂದು ಕೇಳುತ್ತಾಳೆ. ಆ ಸಾಲು ಮುಗಿದ ಮೇಲೆ ಬೀಸುಕಲ್ಲು ಒಂದು ಸುತ್ತು ಸುಮ್ಮನೆ ತಿರುಗಬೇಕು, ಯಾರೂ ಹಾಡಬಾರದು. ಅವರವರ ಮನೆಯಲ್ಲಿ ಸತ್ತವರನ್ನು ನೆನೆಯಲು ಹೆಂಗಸರು ಇಟ್ಟುಕೊಂಡ ಜಾಗ ಅದು. ಅವ್ವ ಅಲ್ಲಿ ನೆನೆಯುತ್ತಿದ್ದದ್ದು ಮಿಲಿಟರಿ ಸೇರಿ ಗಡಿಯಲ್ಲಿ ತೀರಿಕೊಂಡ ನನ್ನ ಸೋದರಮಾವನನ್ನು.

ಹೋದ ವರ್ಷ ಇಳಕಲ್ಲಿನಲ್ಲಿ ಜಾನಪದ ಹಾಡುಗಳ ಕಾರ್ಯಕ್ರಮವಿತ್ತು. ಈ ಪದವನ್ನೂ ಹಾಡುತ್ತಾರೆಂದು ಕೇಳಿ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಹಾಡಿದ ಹುಡುಗಿಯ ದನಿ ಖರೇನೇ ಇಂಪಾಗಿತ್ತು. ಆದರೆ ಅಕ್ಕನ ಪ್ರಶ್ನೆಯನ್ನೇ ಕಿತ್ತುಹಾಕಿದ್ದರು. 'ಗೆದ್ದು ಬಂದಾನ ನನ್ನ ತಮ್ಮ, ಆರತಿ ತರ್ರೆವ್ವ' ಎಂದು ಹಾಡಿದಳು. ಸುಮ್ಮನಿರಬೇಕಾದಲ್ಲಿ ಕೀಬೋರ್ಡು, ಹಲಗಿ, ಸೀಟಿ. ಜನ ಒನ್ಸ್ ಮೋರ್ ಎಂದು ಕೂಗಿದರು. ನನಗೆ ಮೈಯೆಲ್ಲಾ ಉರಿಯಿತು. ಪಕ್ಕದಲ್ಲಿ ಅವ್ವನ ಬಲಗೈ ತೊಡೆಯ ಮೇಲೆ ಒಂದು ಸುತ್ತು ತಿರುಗಿ ನಿಂತಿತು.

ಊರಿಗೆ ಮರಳುವಾಗ ಬಸ್ಸಿನಲ್ಲಿ ಆ ಮೇಳದವರನ್ನು ಬೈಯುತ್ತಲೇ ಇದ್ದೆ. ನಮ್ಮ ಊರು ಹತ್ತಿರವಾದಾಗ, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ಅವ್ವ ಹೇಳಿದಳು:

"ಬೈಬ್ಯಾಡ. ಹುಡುಗಿ ಚಲೋ ಹಾಡ್ಯಾಳ. ಆದ್ರ ನನ್ನ ತಮ್ಮಗ ಬಂದು ಕುಂದ್ರಾಕ ಅಲ್ಲಿ ಜಾಗಾನ ಇರಲಿಲ್ಲ."